ಹೆಸರಿನ ಮೇಲೊಂದು ತಕರಾರು

(ಬಾಗಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಬೆಳಗ್ಗೆ ಬಸ್ಸಿಳಿದವನು ಮೊದಲು ಕಲ್ಲೇಶ್ವರನ ಗುಡಿಗೆ ಹೋಗಿಬಂದೆ. ದತ್ತಿ ಉಪನ್ಯಾಸಕ್ಕೆ ಇದಕ್ಕಿಂತ ತಕ್ಕ ಊರು ಸಿಗುವುದು ಕಷ್ಟ. ದತ್ತಿ ಅಂದರೆ ನಮಗೀಗ ಬ್ಯಾಂಕಿನಲ್ಲಿಟ್ಟ ಠೇವಣಿ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ. ನಿಮ್ಮ ಊರಿನವರು ಅದೇ ಮಾತನ್ನು ಕಲ್ಲಿನ ಮೇಲೆ ಕೊರೆಸಿ ಸಾವಿರ ವರ್ಷ ದಾಟಿತು. ಇಲ್ಲಿ ಸಿಕ್ಕಿರುವ ಹಳಗನ್ನಡದ ಶಾಸನಗಳೇ 36. ಚಾಲುಕ್ಯ ತೈಲಪನ ಕಾಲದಲ್ಲಿ, ಕ್ರಿ.ಶ. 987ರ ಸುಮಾರಿಗೆ, ದುಗ್ಗಿಮಯ್ಯ ಎಂಬಾತ ಕಲಿದೇವನನ್ನು ಇಲ್ಲಿ ನೆಲೆಗೊಳಿಸಿದ ಎಂದು ಕಲ್ಲು ಹೇಳುತ್ತದೆ. ಕಲ್ಲು ಕಲಿದೇವ ಎಂದರೂ ನಾವೆಲ್ಲ ಕಲ್ಲೇಶ್ವರ ಅಂತಲೇ ಕೈಮುಗಿಯುವುದು. ಬರೆದಿಟ್ಟ ಹೆಸರೊಂದು, ಬಾಯಿಗೆ ಬಂದ ಹೆಸರೊಂದು. ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಾನಶಾಸನಗಳನ್ನು ಓದಿದವರಿಗೆ ಅದರ ಕಟ್ಟು ಗೊತ್ತು. ಯಾರು ಕೊಟ್ಟರು, ಯಾರಿಗೆ, ಎಷ್ಟು ಭೂಮಿ, ನಾಲ್ಕೂ ದಿಕ್ಕಿಗೆ ಎಲ್ಲೆ ಯಾವುದು, ಸಾಕ್ಷಿ ಯಾರು, ಕೊನೆಗೆ ಅಳಿದವನಿಗೆ ಒಂದು ಶಾಪ. ಅದನ್ನು ದಾನಿಯ ಮನೆಯೊಳಗೆ ಇಡುತ್ತಿರಲಿಲ್ಲ, ಗುಡಿಯ ಮುಂದೆ, ನಾಲ್ಕು ಜನ ಓಡಾಡುವಲ್ಲಿ ನಿಲ್ಲಿಸುತ್ತಿದ್ದರು. ಶಿವನ ಗುಡಿಯ ಹೊಲದ ಎಲ್ಲೆಗೆ ಲಿಂಗಮುದ್ರೆಯ ಕಲ್ಲು ನೆಡುತ್ತಿದ್ದರು. ಇಂಥ ಸ್ವತ್ತು ಇಂಥವರದು ಎಂದು ಊರಿಗೆಲ್ಲ ಕಾಣುವಂತೆ ಹೇಳಿದ ಮೇಲೆ, ಅಲ್ಲವೆನ್ನುವವನು ಬಾಯಿಬಿಡಬೇಕು. ಟ್ರೇಡ್‌ಮಾರ್ಕಿನ ಕಾನೂನು ನಿಂತಿರುವುದೂ ಇದೇ ಎರಡು ಕಾಲಿನ ಮೇಲೆ: ಒಬ್ಬ ಎಲ್ಲರಿಗೂ ಕಾಣುವಂತೆ ಹೇಳಬೇಕು, ಇನ್ನೊಬ್ಬ ಹೊತ್ತಿಗೆ ಸರಿಯಾಗಿ ತಕರಾರು ತೆಗೆಯಬೇಕು. ನಾನು ಇವತ್ತು ಮಾತಾಡುವುದು ಈ ಎರಡನೆಯವನ ಬಗ್ಗೆ.

ಟ್ರೇಡ್‌ಮಾರ್ಕು ಬೆಂಗಳೂರಿನವರ ತಲೆನೋವು, ನಮಗೇಕೆ ಅಂತ ಕೆಲವರಿಗೆ ಅನ್ನಿಸಬಹುದು. ಕೆಲವು ವರ್ಷದ ಹಿಂದಿನವರೆಗೆ ನಮ್ಮ ಸೋದರಮಾವನಿಗೂ ಹಾಗೇ ಅನ್ನಿಸಿತ್ತು. ಹರಪನಹಳ್ಳಿಯಲ್ಲಿ ಅವರದು ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ, ಅಗಸಿಪುಡಿಯ ವ್ಯಾಪಾರ. ಮೊದಲು ಸಂತೆಯಲ್ಲಿ ಸೇರಿನ ಲೆಕ್ಕಕ್ಕೆ ಅಳೆದು ಕೊಡುತ್ತಿದ್ದರು. ಆಮೇಲೆ ಪಾಕೀಟು ಬಂತು, ಪಾಕೀಟಿನ ಮೇಲೆ ಹಳದಿ ಲೇಬಲ್ಲು ಬಂತು, ಲೇಬಲ್ಲಿನ ಮೇಲೆ ಮನೆದೇವರ ಹೆಸರಿನ ಜೊತೆ ಒಂದು ಜೋಡಿ ಒಳಕಲ್ಲಿನ ಚಿತ್ರ. ಒಂದು ದಿನ ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಕೀಲರ ನೋಟಿಸು ಬಂತು. ಆ ಹೆಸರು ನಮ್ಮ ಕಕ್ಷಿದಾರರ ನೋಂದಾಯಿತ ಟ್ರೇಡ್‌ಮಾರ್ಕು, ಹದಿನೈದು ದಿನದಲ್ಲಿ ಮಾಲು ವಾಪಸು ತರಿಸಿ ನಾಶಮಾಡಿ, ನಷ್ಟ ತುಂಬಿಕೊಡಿ ಎಂದು. ಕಳಿಸಿದವರು ಬೇರೆ ಊರಿನ ಒಂದು ಕಂಪನಿ, ಹೆಸರು ಇಲ್ಲಿ ಬೇಡ. ಮಾವ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಮನಿದೇವ್ರ ಹೆಸ್ರು ಇಟ್ಗಂಡ್ರೆ ತುಡುಗು ಮಾಡ್ದಂಗ ಆತೇನಪಾ?"

ಆಗಿದ್ದು ಹೀಗೆ. ಆ ಕಂಪನಿ ಅರ್ಜಿ ಹಾಕಿದಾಗ ರಿಜಿಸ್ಟ್ರಿಯವರು ತಮ್ಮ ದಫ್ತರವನ್ನು ನೋಡಿದರು. ಅದರಲ್ಲಿ ಮಾವನ ಹೆಸರು ಇರಲಿಲ್ಲ, ಏಕೆಂದರೆ ಮಾವ ಅರ್ಜಿಯನ್ನೇ ಹಾಕಿದವರಲ್ಲ. ಪರೀಕ್ಷಕರು ಹರಪನಹಳ್ಳಿ ಸಂತೆಗೆ ಬಂದು ಪಾಕೀಟು ತಿರುವಿ ನೋಡುವುದಿಲ್ಲವಲ್ಲ. ಅರ್ಜಿಯನ್ನು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅದು ಪ್ರತಿ ಸೋಮವಾರ ಹೊರಬರುತ್ತದೆ. ಪ್ರಕಟವಾದ ದಿನದಿಂದ ನಾಲ್ಕು ತಿಂಗಳು ಕಾದರು. ಯಾರೂ ಉಸಿರೆತ್ತಲಿಲ್ಲ. ನೋಂದಣಿ ಆಯಿತು.

ಹೊಲಮನೆ ಇದ್ದವರಿಗೆ ಇದು ಹೊಸದಲ್ಲ. ಖಾತೆ ಬದಲಾವಣೆಗೆ ಚಾವಡಿ ಗೋಡೆಗೆ ನೋಟಿಸು ಅಂಟಿಸುತ್ತಾರೆ. ತಕರಾರು ಇದ್ದವರು ಬರಬೇಕು, ಬಾರದಿದ್ದರೆ ಮ್ಯುಟೇಶನ್ ಆಗಿಹೋಗುತ್ತದೆ. ಆದರೆ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹೊಲ ಅವನದಾಯಿತೆ? ತಲೆಮಾರಿನಿಂದ ಉಳುತ್ತಾ ಬಂದವನು ಕೋರ್ಟಿಗೆ ಹೋಗಿ ನಮೂದನ್ನು ತೆಗೆಸಿದ ಎಷ್ಟೋ ಪ್ರಕರಣ ಈ ಸಭೆಯಲ್ಲಿ ಕೂತವರ ಮನೆಗಳಲ್ಲೇ ಇದ್ದಾವು. ಟ್ರೇಡ್‌ಮಾರ್ಕ್ ನೋಂದಣಿಯೂ ಅಂಥದೇ. 1999ರ ಟ್ರೇಡ್‌ಮಾರ್ಕ್ ಕಾಯ್ದೆ, ಅಂದರೆ 1958ರ ಹಳೆಯ ಕಾಯ್ದೆಯನ್ನು ತೆಗೆದು 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದದ್ದು, ನೋಂದಣಿಯನ್ನು ಮೇಲ್ನೋಟದ ಪುರಾವೆ ಎಂದಷ್ಟೇ ಕರೆಯುತ್ತದೆ. ಮೇಲ್ನೋಟದ್ದನ್ನು ಒಳನೋಟಕ್ಕೆ ಒಡ್ಡಲು ಎರಡು ಬಾಗಿಲು ಇಟ್ಟಿದೆ.

ಮೊದಲನೆಯದು ನೋಂದಣಿಗೆ ಮುಂಚಿನ ಬಾಗಿಲು, ತಕರಾರು ಅರ್ಜಿ. ಜರ್ನಲ್‌ನಲ್ಲಿ ಬಂದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ಹಾಕಬಹುದು. ಯಾರು ಬೇಕಾದರೂ ಅಂದರೆ ನಿಜಕ್ಕೂ ಯಾರು ಬೇಕಾದರೂ. ಆ ಸರಕಿನ ವ್ಯಾಪಾರಿಯೇ ಆಗಬೇಕಿಲ್ಲ, ಕೊಳ್ಳುವ ಗಿರಾಕಿಯೂ ಆಗಬಹುದು. ಆನ್‌ಲೈನಿನಲ್ಲಿ ಹಾಕಿದರೆ ಒಂದು ವರ್ಗದ ಸರಕಿಗೆ ಶುಲ್ಕ 2,700 ರೂಪಾಯಿ. ಎದುರಿನವನು ಎರಡು ತಿಂಗಳೊಳಗೆ ಉತ್ತರ ಕೊಡದಿದ್ದರೆ ಅವನ ಅರ್ಜಿ ಅಲ್ಲಿಗೇ ಬಿತ್ತು. ಹೀಗೆ ಬಿದ್ದುಹೋಗುವ ಅರ್ಜಿಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚು. ಎದುರು ಯಾರೂ ಇಲ್ಲವೆಂದು ಬಂದವನು ಒಬ್ಬ ನಿಂತದ್ದು ಕಂಡರೆ ಹಿಂದೆ ಸರಿಯುತ್ತಾನೆ.

ಎರಡನೆಯದು ನೋಂದಣಿ ಆದಮೇಲಿನ ಬಾಗಿಲು. ದಫ್ತರದಿಂದ ಹೆಸರು ತೆಗೆಯಿರಿ ಅಥವಾ ತಿದ್ದಿರಿ ಎಂದು ಕೇಳುವ ಅರ್ಜಿ. ವಕೀಲರ ಬಾಯಲ್ಲಿ ರೆಕ್ಟಿಫಿಕೇಶನ್. ರಿಜಿಸ್ಟ್ರಾರ್ ಮುಂದೆ ಹೋಗಬಹುದು, ಹೈಕೋರ್ಟಿಗೂ ಹೋಗಬಹುದು. ಇಲ್ಲಿ ಮಾತ್ರ ದಾರಿಹೋಕನಿಗೆ ಪ್ರವೇಶವಿಲ್ಲ, ಆ ನೋಂದಣಿಯಿಂದ ಬಾಧೆಗೊಳಗಾದವನೇ ಬರಬೇಕು. ನೋಟಿಸು ಬಂದ ನಮ್ಮ ಮಾವನಿಗಿಂತ ಬಾಧಿತ ಇನ್ಯಾರು? ಕಾರಣ ಹಲವು ಇರಬಹುದು. ನೋಂದಣಿಯೇ ತಪ್ಪಾಗಿ ಆಗಿರಬಹುದು. ನೋಂದಾಯಿಸಿದವನು ಐದು ವರ್ಷ ಆ ಗುರುತಿನಲ್ಲಿ ಒಂದು ಪಾಕೀಟನ್ನೂ ಮಾರದೆ ಸುಮ್ಮನೆ ಹಿಡಿದುಕೂತಿರಬಹುದು, ಬೀಳುಬಿಟ್ಟ ಹೊಲದ ಹಾಗೆ. ಇಲ್ಲವೇ ಅವನಿಗಿಂತ ಮೊದಲೇ ನೀವು ಬಳಸುತ್ತಿರಬಹುದು.

ಈ ಕೊನೆಯ ಕಾರಣದ ಬಗ್ಗೆ ಸುಪ್ರೀಂ ಕೋರ್ಟಿನ 2015ರ ತೀರ್ಪೊಂದು ಬಾಯಲ್ಲಿ ನೀರೂರಿಸುವಂಥದ್ದು. ತಮಿಳುನಾಡಿನ ತಿರುನೆಲ್ವೇಲಿಯ ನೆಲ್ಲೈಯಪ್ಪರ್ ಗುಡಿಯ ಎದುರು ಒಂದು ಹಳೆಯ ಹಲ್ವದ ಅಂಗಡಿ ಇದೆ. ಮಬ್ಬು ದೀಪದ ಅಂಗಡಿಯಾದ್ದರಿಂದ ಜನ ಅದನ್ನು ಇರುಟ್ಟುಕಡೈ, ಅಂದರೆ ಕತ್ತಲೆ ಅಂಗಡಿ, ಎಂದು ಕರೆದರು. ಹೆಸರು ಗಿರಾಕಿಗಳು ಇಟ್ಟದ್ದು. ಇನ್ನೊಬ್ಬರು ಅದರ ಹಿಂದೆ ತಿರುನೆಲ್ವೇಲಿ ಎಂದು ಸೇರಿಸಿ ತಾವೂ ನೋಂದಾಯಿಸಿಕೊಂಡರು. ನನ್ನ ಕೈಯಲ್ಲೂ ಸರ್ಟಿಫಿಕೇಟು ಇದೆಯಲ್ಲ ಎನ್ನುವುದು ಅವರ ವಾದ. ಮೊದಲು ಬಳಸಿದವರ ಹಕ್ಕು ನೋಂದಣಿಗಿಂತ ದೊಡ್ಡದು ಎಂದಿತು ಕೋರ್ಟು. ಕಾಯ್ದೆಯ 34ನೇ ಕಲಮೂ ಇದನ್ನೇ ಹೇಳುತ್ತದೆ: ನೋಂದಾಯಿಸಿದವನಿಗಿಂತ ಮೊದಲಿನಿಂದ, ನಡುವೆ ಬಿಡದೆ ಬಳಸುತ್ತಾ ಬಂದವನನ್ನು ಆ ನೋಂದಣಿ ಅಲ್ಲಾಡಿಸದು. ಕಲಿದೇವ ಮತ್ತು ಕಲ್ಲೇಶ್ವರ ಎಂದು ನಾನು ಮೊದಲಿಗೆ ಹೇಳಿದ್ದು ಇದಕ್ಕೇ: ಬರೆದಿಟ್ಟ ಹೆಸರಿಗಿಂತ ಬಳಕೆಯ ಹೆಸರಿಗೆ ಬಲ ಹೆಚ್ಚು.

ಮಾವನಿಗೆ ಇದನ್ನು ಹೇಳಿದಾಗ ಮುಖ ಅರಳಿತು. "ಹಂಗಾರ ನಮ್ದು ಗೆದ್ದಂಗ ಬಿಡು" ಎಂದರು. ಕಾಗದ ತೋರಿಸಿ ಎಂದೆ. ಮುಖ ಬಾಡಿತು.

ಅಟ್ಟದ ಮೇಲಿಂದ ಒಂದು ಬಿಸ್ಕೀಟಿನ ಡಬ್ಬಿ ಇಳಿಸಿದರು. ಅದರಲ್ಲಿ ಕಾರ್ಬನ್ ಅಳಿಸಿಹೋದ ಬಿಲ್ಲುಗಳು, ಗೆದ್ದಲು ತಿಂದ ರೋಕಡ ಪುಸ್ತಕ, ಎರಡು ಲಗ್ನಪತ್ರಿಕೆ, ಒಂದು ಹಳದಿ ಲೇಬಲ್ಲು. ತಾರೀಕು ಇಲ್ಲ. ಹೆಸರಿನ ಕೆಳಗೆ "ಹರಪನಹಳ್ಳಿ, ಬಳ್ಳಾರಿ ಜಿಲ್ಲೆ" ಎಂದಿತ್ತು. ನನಗೆ ಜೀವ ಬಂದ ಹಾಗಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿ ಅದಕ್ಕೆ ಸೇರಿತ್ತಲ್ಲ, ಹಾಗಾದರೆ ಈ ಲೇಬಲ್ಲು ಅದಕ್ಕಿಂತ ಹಿಂದಿನದು. ಎದುರಿನವರು ತಾವು ಬಳಸುತ್ತಿರುವುದು 2009ರಿಂದ ಎಂದು ತಮ್ಮ ಅರ್ಜಿಯಲ್ಲೇ ಬರೆದಿದ್ದರು. ದಫ್ತರದಿಂದ ಆ ಹೆಸರು ತೆಗೆಯಿರಿ ಎಂದು ಅರ್ಜಿ ಹಾಕಿದೆವು. ಆದರೆ ಎದುರಿನ ವಕೀಲರು ಕಿಲಾಡಿ. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಸೇರಿತು, 2021ರಲ್ಲಿ ವಿಜಯನಗರ ಜಿಲ್ಲೆ ಆಗುವ ತನಕ ಅಲ್ಲೇ ಇತ್ತು. ಈ ಲೇಬಲ್ಲನ್ನು ಆ ನಡುವೆ ಅಚ್ಚು ಹಾಕಿಸಿರಬಾರದೇಕೆ ಎಂದು ಕೇಳಿದರು. ನಮ್ಮ ತಾಲ್ಲೂಕನ್ನು ಮೂರು ಜಿಲ್ಲೆಗಳು ಚೆಂಡಾಡಿದ ಕಥೆ ಹೀಗೆ ಚಟ್ನಿಪುಡಿಯ ಪಾಕೀಟಿಗೂ ಅಂಟಿಕೊಂಡಿತು.

ಉತ್ತರ ಸಿಕ್ಕಿದ್ದು ಲೇಬಲ್ಲಿನ ಮೇಲೆ ಇಲ್ಲದ ಒಂದು ಸಂಗತಿಯಿಂದ. ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸಿನ ನಿಯಮ 2011ರಲ್ಲಿ ಬಂತು. ಆಮೇಲೆ ಅಚ್ಚಾದ ಮಾವನ ಪ್ರತಿ ಪಾಕೀಟಿನ ಮೇಲೂ ಆ ನಂಬರು ಇದೆ. ಈ ಲೇಬಲ್ಲಿನಲ್ಲಿ ನಂಬರೇ ಇಲ್ಲ. ಬೆಲೆ ಆರು ರೂಪಾಯಿ ಎಂದು ಬೇರೆ ಇತ್ತು. 2018ರಲ್ಲಿ ಆರು ರೂಪಾಯಿಗೆ ಕಾಲು ಕಿಲೋ ಶೇಂಗಾ ಚಟ್ನಿ ಮಾರುವವನು ವ್ಯಾಪಾರಿಯಲ್ಲ, ದಾಸೋಹ ಮಾಡುವವನು. ಅದರ ಬೆನ್ನಿಗೆ, ಲೇಬಲ್ಲು ಅಚ್ಚುಹಾಕಿದ ಪ್ರೆಸ್ಸಿನ ಹಳೆಯ ಬಿಲ್ಲು ಪುಸ್ತಕವೂ ಸಿಕ್ಕಿತು. ಪ್ರೆಸ್ಸು ಮುಚ್ಚಿ ವರ್ಷಗಳಾಗಿದ್ದವು, ಆದರೆ ಮಾಲೀಕರ ಮಗ ರದ್ದಿಗೆ ಹಾಕಿರಲಿಲ್ಲ. ಅದರಲ್ಲಿ ಬ್ಲಾಕಿನ ಖರ್ಚು, ಸಾವಿರ ಲೇಬಲ್ಲಿನ ಖರ್ಚು, ತಾರೀಕು ಎಲ್ಲ ಇತ್ತು.

ಪುರಾವೆ ಇದ್ದರೂ ಸೋಲುವ ದಾರಿ ಇನ್ನೊಂದಿದೆ, ತಡ ಮಾಡುವುದು. ಇದಕ್ಕೆ ನಮ್ಮ ರಾಜ್ಯದ್ದೇ ದೊಡ್ಡ ಪ್ರಕರಣ ಬೆಂಗಳೂರಿನ ಖೋಡೇಸ್ ಕಂಪನಿಯದು. ದಾಸೋಹದ ಮಾತಿನ ಬೆನ್ನಿಗೇ ವಿಸ್ಕಿಯ ಮಾತು ಎತ್ತುತ್ತಿದ್ದೇನೆ, ಹಿರಿಯರು ಮನ್ನಿಸಬೇಕು. 1968ರಲ್ಲಿ ಖೋಡೇಸ್‌ನವರು ಪೀಟರ್ ಸ್ಕಾಟ್ ಎಂಬ ವಿಸ್ಕಿ ತಯಾರಿಸತೊಡಗಿದರು, ಹೆಸರನ್ನು ನೋಂದಾಯಿಸಿದರು. ಸ್ಕಾಟ್ಲೆಂಡಿನ ವಿಸ್ಕಿ ತಯಾರಕರ ಸಂಘ ಇದಕ್ಕೆ ತಗಾದೆ ತೆಗೆಯಿತು. ಸ್ಕಾಟ್ ಎಂದರೆ ಜನ ಇದು ಸ್ಕಾಚೇ ಎಂದು ತಿಳಿಯುತ್ತಾರೆ, ನೋಂದಣಿ ರದ್ದಾಗಲಿ ಎಂದು. ಖೋಡೇಸ್ ಕಡೆಯಿಂದ ಹೆಸರು ಹುಟ್ಟಿದ ಬಗೆಯನ್ನು ಹೇಳಿದವರು ಅವರಲ್ಲಿ ಕೆಲಸಕ್ಕಿದ್ದ ಪೀಟರ್ ವಾರನ್: ತಮ್ಮ ತಂದೆ ಸ್ಕಾಟ್ಲೆಂಡಿನವರು, ಜೊತೆಗೆ ದಕ್ಷಿಣ ಧ್ರುವದ ಅನ್ವೇಷಕ ಕ್ಯಾಪ್ಟನ್ ಸ್ಕಾಟ್ ಮತ್ತು ಅವರ ಮಗ, ನಿಸರ್ಗ ವಿಜ್ಞಾನಿ ಪೀಟರ್ ಸ್ಕಾಟ್ ನೆನಪು. ಆ ಪೀಟರ್ ಸ್ಕಾಟ್ ವಿಶ್ವ ವನ್ಯಜೀವಿ ನಿಧಿಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರು, ಅದರ ಪಾಂಡಾ ಚಿಹ್ನೆಗೆ ರೂಪ ಕೊಟ್ಟವರು. ಇಡೀ ಜಗತ್ತು ಗುರುತಿಸುವ ಮುದ್ರೆಯೊಂದನ್ನು ಬರೆದವರ ಹೆಸರೇ ಇನ್ನೊಂದು ಮುದ್ರೆಯ ವ್ಯಾಜ್ಯಕ್ಕೆ ಸಿಕ್ಕಿಕೊಂಡಿತು ನೋಡಿ.

ರಿಜಿಸ್ಟ್ರಾರ್ 1989ರಲ್ಲಿ ಸ್ಕಾಟ್ಲೆಂಡಿನವರ ಅರ್ಜಿಯನ್ನು ಒಪ್ಪಿದರು. ಮದ್ರಾಸ್ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟು 2008ರ ಮೇ 27ರಂದು ಎಲ್ಲವನ್ನೂ ತಿರುವಿಹಾಕಿತು. ಸಂಘಕ್ಕೆ ಈ ಹೆಸರಿನ ವಿಷಯ ತಿಳಿದದ್ದು 1974ರಲ್ಲಿ, ಅರ್ಜಿ ಹಾಕಿದ್ದು 1986ರಲ್ಲಿ. ಹನ್ನೆರಡು ವರ್ಷ ಎದುರಿನವನು ಹಣ ಹೂಡುತ್ತಾ ವ್ಯಾಪಾರ ಬೆಳೆಸುವುದನ್ನು ನೋಡುತ್ತಾ ಕೂತವರು ಈಗ ಬಂದು ಕಿತ್ತುಹಾಕಿ ಎಂದರೆ ಹೇಗೆ? ಇಂಥ ವಿಸ್ಕಿ ಕೊಳ್ಳುವವರು ಓದುಬರಹ ಬಲ್ಲವರು, ಸ್ಕಾಚ್ ಯಾವುದು, ದೇಶಿ ಯಾವುದು ಎಂದು ತಿಳಿದವರು ಎಂಬ ಮಾತನ್ನೂ ಕೋರ್ಟು ಹೇಳಿತು. ಆ ಎರಡನೆಯ ಕಾರಣ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಎರಡು ಪೆಗ್ಗಿನ ನಂತರ ವಿವೇಚನೆ ಎಷ್ಟು ಉಳಿದೀತು! ಮೊದಲನೆಯದಕ್ಕೆ ಮಾತ್ರ ತಲೆಬಾಗಬೇಕು. ಈಗಿನ ಕಾಯ್ದೆಯಂತೂ ಐದು ವರ್ಷ ಎಂದು ಗೆರೆಯನ್ನೇ ಎಳೆದಿದೆ: ನೋಂದಾಯಿತ ಗುರುತಿನ ಬಳಕೆಯನ್ನು ತಿಳಿದೂ ತಿಳಿದೂ ಐದು ವರ್ಷ ಸುಮ್ಮನಿದ್ದವನು, ಎದುರಿನವನು ದುರುದ್ದೇಶದಿಂದ ನೋಂದಾಯಿಸಿದ್ದ ಹೊರತು, ಆಮೇಲೆ ಅದನ್ನು ತೆಗೆಸುವಂತಿಲ್ಲ. ಮಾವ ನೋಟಿಸನ್ನು ದೇವರ ಪಟದ ಹಿಂದೆ ಸಿಗಿಸಿ ಮರೆತಿದ್ದರೆ ಏನಾಗುತ್ತಿತ್ತು ಅನ್ನುವುದು ಗೊತ್ತಾಯಿತಲ್ಲ.

ಇನ್ನು ದೇವರ ಹೆಸರು. ಯಾರೋ ಒಬ್ಬ ಕಂಪನಿಯವನು ನಮ್ಮ ದೇವರನ್ನು ನೋಂದಾಯಿಸಿಕೊಳ್ಳುವುದೆಂದರೇನು ಎಂದು ಮಾವ ನನ್ನನ್ನು ಹತ್ತು ಸಲ ಕೇಳಿದ್ದಾರೆ. ಪಟ್ನಾದ ಊದುಬತ್ತಿ ವ್ಯಾಪಾರಿಯೊಬ್ಬರು ರಾಮಾಯಣ ಎಂಬ ಹೆಸರಿಗೆ ಟ್ರೇಡ್‌ಮಾರ್ಕು ಕೇಳಿದಾಗ ಇನ್ನೊಬ್ಬರು ತಕರಾರು ತೆಗೆದರು. ಧರ್ಮಗ್ರಂಥದ ಹೆಸರು ಒಬ್ಬನ ಸ್ವತ್ತಾಗದು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗೆಂದು ದೇವರ ಹೆಸರಿನ ಗುರುತುಗಳೆಲ್ಲ ಬಿದ್ದುಹೋಗುತ್ತವೆ ಎಂದಲ್ಲ. ವಿಶಿಷ್ಟ ಚಿತ್ರ, ಬೇರೆ ಪದ, ಬರೆಯುವ ಬಗೆ ಸೇರಿಕೊಂಡರೆ ನಿಲ್ಲುತ್ತವೆ.

ಇದನ್ನು ತಿಳಿಯಲು ನಾವೆಲ್ಲ ಬೆಳಗ್ಗೆ ಚಹಾಕ್ಕೆ ಹಾಕುವ ನಂದಿನಿ ಹಾಲಿನ ಪ್ರಕರಣವೇ ಸಾಕು. ಕರ್ನಾಟಕ ಹಾಲು ಮಹಾಮಂಡಳ ಆ ಹೆಸರನ್ನು 1985ರಿಂದ ಬಳಸುತ್ತಿದೆ. ನಂದಿನಿ ಡಿಲಕ್ಸ್ ಹೋಟೆಲಿನವರು, ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚು ಹಾಕಿ, 1989ರಿಂದ. ಹೋಟೆಲಿನವರು ಮಾಂಸ, ಮೀನು, ಮಸಾಲೆಯಂಥ ಪದಾರ್ಥಗಳಿಗೆ ನೋಂದಣಿ ಕೇಳಿದಾಗ ಮಹಾಮಂಡಳ ತಕರಾರು ಹಾಕಿತು. 2007ರಲ್ಲಿ ಡೆಪ್ಯುಟಿ ರಿಜಿಸ್ಟ್ರಾರ್ ಹೋಟೆಲಿನ ಪರ. ಇಂಥ ವ್ಯಾಜ್ಯಗಳಿಗೆಂದೇ ಇದ್ದ ಮೇಲ್ಮನವಿ ಮಂಡಳಿ 2011ರಲ್ಲಿ ಮಹಾಮಂಡಳದ ಪರ. 2014ರಲ್ಲಿ ನಮ್ಮ ಹೈಕೋರ್ಟೂ ಮಹಾಮಂಡಳದ ಪರ. 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರ. ಸರಕುಗಳೆಲ್ಲ ಒಂದೇ ವರ್ಗದ ಪಟ್ಟಿಯಲ್ಲಿ ಬಂದಮಾತ್ರಕ್ಕೆ ಒಂದೇ ಸರಕಾಗುವುದಿಲ್ಲ, ಹಾಲು ಹಾಲೇ, ಹೋಟೆಲಿನ ಊಟ ಊಟವೇ. ನಂದಿನಿ ಪುರಾಣದ ಹಸು, ದೇವಿಯ ಹೆಸರು ಕೂಡ. ಅದನ್ನು ಒಬ್ಬರೇ ಕಟ್ಟಿಹಾಕಿಕೊಳ್ಳಲಾಗದು. ಹೋಟೆಲಿನ ಗುರುತಿನಲ್ಲಿ ದೀಪದ ಚಿತ್ರ ಬೇರೆ ಇತ್ತು. ಹಾಲು, ಹಾಲಿನ ಪದಾರ್ಥಗಳನ್ನು ಮಾತ್ರ ಹೋಟೆಲಿನವರು ತಮ್ಮ ಪಟ್ಟಿಯಿಂದ ಬಿಡಬೇಕಾಯಿತು. ನನ್ನ ದೃಷ್ಟಿಯಲ್ಲಿ ಇದು ನ್ಯಾಯವಾದ ಹಂಚಿಕೆ. ನಂದಿನಿ ಹಸುವನ್ನು ಕಾಯ್ದ ದಿಲೀಪ ರಾಜನಿಗೂ ಅವಳು ಬೇಕಾದಷ್ಟೇ ಹಾಲು ಕೊಟ್ಟವಳು.

ಇದರ ತದ್ವಿರುದ್ಧ ಎಂಬಂತೆ ತೋರುವ, ಹೆಸರೂ ಕೆಲಸವೂ ಒಂದೇ ಆದವರ ಜಗಳ ಬಸ್ಸಿನದು. ಕೇರಳದ ಸಾರಿಗೆ ನಿಗಮ 1965ರಲ್ಲಿ ಆದದ್ದು. ನಮ್ಮದು 1961ರದ್ದಾದರೂ ಆಗ ಮೈಸೂರು ರಾಜ್ಯದ ಹೆಸರಿನಲ್ಲಿತ್ತು, 1973ರ ನವೆಂಬರ್ 1ರ ನಂತರವೇ ಕೆಎಸ್‌ಆರ್‌ಟಿಸಿ. ಎರಡೂ ರಾಜ್ಯ ಕ ಅಕ್ಷರದಿಂದ ಶುರುವಾದದ್ದೇ ತಪ್ಪು. 2013ರಲ್ಲಿ ನಮ್ಮ ನಿಗಮ ಕೆಎಸ್‌ಆರ್‌ಟಿಸಿ ಹೆಸರನ್ನೂ ಗಂಡಭೇರುಂಡದ ಚಿತ್ರವನ್ನೂ ನೋಂದಾಯಿಸಿಕೊಂಡಿತು. ಕೇರಳ ಅದನ್ನು ಚೆನ್ನೈನ ಮೇಲ್ಮನವಿ ಮಂಡಳಿಯಲ್ಲಿ ಪ್ರಶ್ನಿಸಿತು. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ಮಂಡಳಿಯನ್ನೇ ರದ್ದು ಮಾಡಿತು, ಕಡತಗಳು ಹೈಕೋರ್ಟುಗಳಿಗೆ ಹೋದವು. ಆ ಜೂನ್‌ನಲ್ಲಿ ಹೆಸರು ಇನ್ನು ನಮ್ಮದೇ ಎಂದು ಕೇರಳದಿಂದ ಸುದ್ದಿ ಬಂದಾಗ ಇಲ್ಲಿ ಎಷ್ಟು ಗದ್ದಲವಾಯಿತು ನೆನಪಿದೆಯಲ್ಲ. 2023ರ ಡಿಸೆಂಬರ್ 12ರಂದು ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿತು. ಬರೀ ಮೊದಲ ಬಳಕೆಯ ವರ್ಷವನ್ನೇ ಎಣಿಸಿದ್ದರೆ ಕೇರಳಕ್ಕೆ ಎಂಟು ವರ್ಷದ ಮುನ್ನಡೆ ಇತ್ತು, ಅದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ಆದರೆ ಗಿರಾಕಿ ಎಂದಾದರೂ ಮೋಸಹೋದನೆ? ಕಾಸರಗೋಡಿನ ನಿಲ್ದಾಣದಲ್ಲಿ ಎರಡೂ ಕೆಎಸ್‌ಆರ್‌ಟಿಸಿ ಅಕ್ಕಪಕ್ಕ ನಿಲ್ಲುತ್ತವೆ. ಅಲ್ಲಿಯ ಕನ್ನಡಿಗರು ಬೋರ್ಡು ಓದದೆಯೂ ತಮ್ಮ ಬಸ್ಸು ಹತ್ತುತ್ತಾರೆ. ಮಲಯಾಳಿಗಳು ಆನೆ ಮುದ್ರೆಯ ತಮ್ಮ ಬಸ್ಸನ್ನು ಆನವಂಡಿ ಎನ್ನುತ್ತಾರೆ. ನಾವಂತೂ ಈ ಕಡೆ ಕಲ್ಯಾಣ ಕರ್ನಾಟಕ ನಿಗಮದ ಬಸ್ಸಿನಲ್ಲಿ ಕೂತು, ಅದನ್ನು ಗೌರ್ಮೆಂಟ್ ಬಸ್ಸು ಎಂದು ಮಾತ್ರ ಕರೆಯುತ್ತೇವೆ.

ಊರಿನ ಹೆಸರಿನ ಬಗ್ಗೆ ಒಂದೇ ಮಾತು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ನೋಂದಣಿ ಇದೆ. ಅದು ಒಬ್ಬ ಅಂಗಡಿಕಾರನದಲ್ಲ, ಆ ನೆಲದಲ್ಲಿ ಬೆಳೆಯುವವರೆಲ್ಲರದು. ಎಲ್ಲಿಯದೋ ಹೂವಿಗೆ ಆ ಹೆಸರಿಟ್ಟು ಜನರನ್ನು ನಂಬಿಸುವ ಟ್ರೇಡ್‌ಮಾರ್ಕು ಕಂಡರೆ ಅದನ್ನು ತಡೆಯಲು, ಆಗಿಹೋಗಿದ್ದರೆ ತೆಗೆಸಲು ಕಾನೂನಿನಲ್ಲಿ ಅವಕಾಶ ಇದೆ. ಹಡಗಲಿಯ ಹೂವಿನ ಬೆಳೆಗಾರರಲ್ಲಿ ಎಷ್ಟು ಜನ ಜರ್ನಲ್ ತೆರೆದು ನೋಡಿದ್ದಾರೆ ಎಂದು ನಾನು ಕೇಳಿದರೆ ಒಂದು ಕೈಯೂ ಮೇಲೇಳಲಿಕ್ಕಿಲ್ಲ.

ನಮ್ಮ ರಾಜ್ಯದಲ್ಲಿ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಕಚೇರಿ ಇಲ್ಲ. ಇರುವುದು ಮುಂಬೈ, ದೆಹಲಿ, ಕೋಲ್ಕತಾ, ಅಹಮದಾಬಾದ್, ಚೆನ್ನೈಗಳಲ್ಲಿ. ನಾವು ಚೆನ್ನೈಗೆ ಸೇರಿದವರು. ಈಗ ವಿಚಾರಣೆ ವಿಡಿಯೊದಲ್ಲೂ ನಡೆಯುತ್ತದೆ, ಆದ್ದರಿಂದ ಮಾವನನ್ನು ಚೆನ್ನೈಗೆ ಕರೆದೊಯ್ಯುವ ಕಷ್ಟ ತಪ್ಪಿತು. ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಶೇಂಗಾ ಹುರಿಯುವ ವಾಸನೆಯ ನಡುವೆ, ಮೊಬೈಲನ್ನು ತಕ್ಕಡಿಗೆ ಒರಗಿಸಿಟ್ಟು ಕೂತೆವು. ಮಾವ ಹೊಸ ಪಂಚೆ ಉಟ್ಟು ವಿಭೂತಿ ಹಚ್ಚಿಕೊಂಡಿದ್ದರು. ಲೇಬಲ್ಲು ತೋರಿಸಿ ಎಂದಾಗ ಪರದೆಗೆ ಎಷ್ಟು ಹತ್ತಿರ ಹಿಡಿದರೆಂದರೆ ಅಧಿಕಾರಿಗೆ ಹಳದಿ ಬಿಟ್ಟು ಬೇರೇನೂ ಕಾಣಲಿಲ್ಲವಂತೆ.

ಕೊನೆಗೆ ತೀರ್ಪಿನ ತನಕ ಹೋಗಲಿಲ್ಲ. ಪ್ರೆಸ್ಸಿನ ಬಿಲ್ಲು ಸಲ್ಲಿಸಿದ ಮೇಲೆ ಎದುರಿನವರೇ ನೋಟಿಸು ಹಿಂದಕ್ಕೆ ಪಡೆದು, ತಮ್ಮ ನೋಂದಣಿಯಿಂದ ಚಟ್ನಿಪುಡಿಯನ್ನು ಕೈಬಿಟ್ಟರು. ಅದೇ ನೋಂದಣಿಯಲ್ಲಿದ್ದ ಉಪ್ಪಿನಕಾಯಿ ಅವರಿಗಿರಲಿ ಎಂದು ಮಾವನೂ ಒಪ್ಪಿದರು. ಉಪ್ಪಿನಕಾಯಿಯನ್ನು ಮಾವ ಎಂದೂ ಮಾಡಿದವರಲ್ಲ.

ಆಮೇಲೆ ಮಾವ ತಮ್ಮ ಹೆಸರಿಗೂ ಒಂದು ಅರ್ಜಿ ಹಾಕಿಸಿದರು. ಸಣ್ಣ ವ್ಯಾಪಾರಿಗೆ ಶುಲ್ಕ 4,500. ಯಾವಾಗಿನಿಂದ ಬಳಕೆ ಎಂಬ ಕಾಲಮ್ಮಿನಲ್ಲಿ ಪ್ರೆಸ್ಸಿನ ಬಿಲ್ಲಿನ ತಾರೀಕನ್ನೇ ಬರೆಸಿದರು. ಅರ್ಜಿ ಜರ್ನಲ್‌ನಲ್ಲಿ ಪ್ರಕಟವಾಗಿದೆ. ಮೊನ್ನೆ ಹೋದಾಗ ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ತಿಂಗಳ ಕೊನೆಯ ದಿನಕ್ಕೆ ಕೆಂಪು ಶಾಯಿಯ ಸುತ್ತು ಹಾಕಿತ್ತು. "ತಕರಾರು ಹೇಳೋರು ಹೇಳ್ಲಿ, ಡಬ್ಬಿ ಕೆಳಗ ಇಳಿಸಿಟ್ಟೀನಿ" ಎಂದರು.